ಮಗ ದುಬೈನಲ್ಲಿ, ಅಪ್ಪ ನವಲಗುಂದದಲ್ಲಿ: ಪಿಂಚಣಿ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

"ನವೆಂಬರ್ 30ರೊಳಗೆ ಲೈಫ್ ಸರ್ಟಿಫಿಕೇಟ್ ಕೊಡದಿದ್ದರೆ ಪಿಂಚಣಿ ಶಾಶ್ವತವಾಗಿ ಬಂದ್. ಕೆಳಗಿನ ಲಿಂಕ್ ಒತ್ತಿ, ಮನೆಯಲ್ಲೇ ಕೂತು ಮುಗಿಸಿ." ಈ ಧಾಟಿಯ ಸಂದೇಶ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದಾಗ ಊರಲ್ಲಿರುವ ಅಪ್ಪ-ಅವ್ವನಿಗಿಂತ ಮೊದಲು ಗಾಬರಿಯಾಗುವುದು ದೂರದೇಶದಲ್ಲಿರುವ ಮಗನಿಗೋ ಮಗಳಿಗೋ. ಬ್ಯಾಂಕಿಗೆ ಓಡಲು ಅವರಿಗೆ ಆಗುವುದಿಲ್ಲ. ಹಾಗಾಗಿ ಲಿಂಕ್ ಒತ್ತುತ್ತಾರೆ, ಇಲ್ಲವೇ ಅಪ್ಪನಿಗೆ ಫೋನ್ ಮಾಡಿ ಓಟಿಪಿ ಕೇಳುತ್ತಾರೆ.

ಮೊದಲು "ಶಾಶ್ವತವಾಗಿ ಬಂದ್" ಎಂಬ ಮಾತು ನೋಡೋಣ. ಅದು ಸುಳ್ಳು. ಪ್ರಮಾಣಪತ್ರ ತಲುಪದಿದ್ದರೆ ಪಿಂಚಣಿ ತಡೆಹಿಡಿಯುತ್ತಾರೆ, ನಿಜ. ತಡವಾಗಿ ಕೊಟ್ಟರೂ ಅದು ಮತ್ತೆ ಶುರುವಾಗುತ್ತದೆ, ನಿಂತ ತಿಂಗಳುಗಳ ಬಾಕಿಯೂ ಬರುತ್ತದೆ. ಇನ್ನು ನವೆಂಬರ್ ಗಡುವು ಎಲ್ಲರಿಗೂ ಒಂದೇ ಅಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ನವೆಂಬರ್. ಅವರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಸಾರಿಗೆ ಸಂಸ್ಥೆಯಿಂದಲೋ ಕಾರ್ಖಾನೆಯಿಂದಲೋ ನಿವೃತ್ತರಾಗಿ ಇಪಿಎಸ್-95 ಪಿಂಚಣಿ ಪಡೆಯುವವರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ರಾಜ್ಯ ಸರ್ಕಾರದ ನಿವೃತ್ತರು ತಮ್ಮ ತಿಂಗಳು ಯಾವುದೆಂದು ಪಿಂಚಣಿ ಬರುವ ಬ್ಯಾಂಕಿನಲ್ಲೇ ಕೇಳಿಕೊಳ್ಳಬೇಕು.

ವಿಡಿಯೊ ಕಾಲ್‌ನಲ್ಲಿ ಮುಖ ತೋರಿಸಿದರೆ ಸಾಕೇ?

ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆ 2014ರ ನವೆಂಬರ್‌ನಲ್ಲಿ ಶುರುವಾಯಿತು. ಮೊದಲಿಗೆ ಬೆರಳಚ್ಚು ಅಥವಾ ಕಣ್ಣಿನ ಪಾಪೆಯ ಗುರುತೇ ಬೇಕಿತ್ತು. ನಮ್ಮ ಕಡೆ ತೊಂದರೆ ಶುರುವಾದದ್ದೇ ಅಲ್ಲಿ. ಬೆರಳಚ್ಚು ಎಂದರೆ ಚರ್ಮದ ಮೇಲಿನ ಸಣ್ಣ ಏರುಗೆರೆಗಳು. ವಯಸ್ಸಾದಂತೆ ಚರ್ಮ ಒಣಗುತ್ತದೆ, ಸಡಿಲಾಗುತ್ತದೆ, ಏರುಗೆರೆಗಳು ತಗ್ಗುತ್ತವೆ. ಅದರ ಮೇಲೆ ಕುಂದಗೋಳ, ಅಣ್ಣಿಗೇರಿಯ ಎರೆಹೊಲದಲ್ಲಿ ನಲವತ್ತು ವರ್ಷ ಹತ್ತಿ ಬಿಡಿಸಿದ, ಮೆಣಸಿನಕಾಯಿ ಹರಿದ ಕೈಗಳು. ಯಂತ್ರ ಓದದಿದ್ದರೆ ಅಜ್ಜಿಯ ತಪ್ಪೇನೂ ಇಲ್ಲ. "ನಿಮ್ಮ ಆಧಾರ್ ರದ್ದಾಗಿದೆ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಕೈ ತೊಳೆದು, ಒರೆಸಿ, ಬೇರೆ ಬೆರಳು ಇಟ್ಟು ನೋಡಬಹುದು.

2021ರ ನವೆಂಬರ್‌ನಲ್ಲಿ ಮುಖ ಗುರುತಿಸುವ ವಿಧಾನವೂ ಬಂತು. ಸಾಮಾನ್ಯ ಸ್ಮಾರ್ಟ್‌ಫೋನ್ ಸಾಕು. ಪಿಂಚಣಿ ಕೊಡುವ ಇಲಾಖೆ ಮಾತ್ರ ಈ ವ್ಯವಸ್ಥೆಯಲ್ಲಿ ಸೇರಿರಬೇಕು. ಆದರೆ "ಮಗ ಅಮೆರಿಕದಿಂದ ವಿಡಿಯೊ ಕಾಲ್ ಮಾಡಿ ಅಪ್ಪನ ಮುಖ ಸ್ಕ್ಯಾನ್ ಮಾಡಬಹುದು" ಎನ್ನುವುದು ಆಗದ ಮಾತು. ಎದುರಿಗಿರುವುದು ಜೀವಂತ ಮುಖವೋ ಫೋಟೊವೋ ಎಂದು ಆ್ಯಪ್ ಪರೀಕ್ಷಿಸುತ್ತದೆ, ಕಣ್ಣು ಮಿಟುಕಿಸಲು ಹೇಳುತ್ತದೆ. ಹಿರಿಯರು ಫೋನಿನ ಕ್ಯಾಮೆರಾದ ಮುಂದೆಯೇ ಇರಬೇಕು.

ಹಾಗಾದರೆ ಊರಲ್ಲಿ ಯಾರು ಮಾಡಿಸಬೇಕು? ಬಹಳ ಕಡೆ ಉತ್ತರ ಪೋಸ್ಟ್‌ಮನ್. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮನ್ ಅಥವಾ ಗ್ರಾಮೀಣ ಡಾಕ್ ಸೇವಕರು ಮನೆಗೇ ಬಂದು 70 ರೂಪಾಯಿಗೆ ಇದನ್ನು ಮಾಡಿಕೊಡುತ್ತಾರೆ. ಇಪಿಎಸ್-95ರವರಿಗೆ ಆ ಖರ್ಚನ್ನು ತಾನೇ ಕೊಡುವುದಾಗಿ ಭವಿಷ್ಯ ನಿಧಿ ಸಂಸ್ಥೆ 2025ರ ನವೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡಿದೆ. ಕಲಘಟಗಿಯ ಹಳ್ಳಿಯಿಂದ ಹುಬ್ಬಳ್ಳಿಗೆ ಬಸ್ ಹಿಡಿಯುವ ಬದಲು ಅಂಚೆ ಕಚೇರಿಗೆ ಒಂದು ಮಾತು ಹೇಳಿಸುವುದು ಸುಲಭ.

ದೂರದಲ್ಲಿರುವವರು ತಿಳಿಯದೆ ಮಾಡುವ ಎಡವಟ್ಟೊಂದಿದೆ. "ಅಪ್ಪ-ಅಮ್ಮನ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ" ಎಂಬ ಸಲಹೆ ಒಳ್ಳೆಯದೇ. ಆದರೆ ಲಾಕ್ ಆಗಿದ್ದರೆ ಬೆರಳೂ ನಡೆಯದು, ಮುಖವೂ ನಡೆಯದು. ಅದನ್ನು ಬಿಡಿಸಲು ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ಆ ಸಿಮ್ ಮಗನ ಜೊತೆ ವಿಮಾನ ಹತ್ತಿದ್ದರೆ ಪೋಸ್ಟ್‌ಮನ್ ಬರಿಗೈಯಲ್ಲಿ ವಾಪಸ್ ಹೋಗಬೇಕಾಗುತ್ತದೆ. ನಂಬರ್ ಊರಲ್ಲೇ ಇರಲಿ ಎಂದು ನಾವು ಹೇಳುತ್ತೇವೆ.

ಪವರ್ ಆಫ್ ಅಟಾರ್ನಿ ಮಾಡಿಸಿದರೆ?

ನಾವು ಹೆಚ್ಚು ಒತ್ತಿ ಹೇಳಬೇಕಾದದ್ದು ಇಲ್ಲಿದೆ. "ಪವರ್ ಆಫ್ ಅಟಾರ್ನಿ ಮಾಡಿಸಿಟ್ಟರೆ ಎಲ್ಲ ಮುಗೀತು" ಎಂದು ಬಹಳ ಮಂದಿ ನಂಬಿದ್ದಾರೆ. ಹೊಲ-ಮನೆ ವ್ಯವಹಾರಕ್ಕೆ ಅದು ನಡೆಯಬಹುದು. ಸರ್ಕಾರಿ ಪಿಂಚಣಿ ಬರುವ ಖಾತೆಯ ಬಗ್ಗೆ ರಿಸರ್ವ್ ಬ್ಯಾಂಕಿನ ಸೂಚನೆ ಸ್ಪಷ್ಟವಾಗಿದೆ: ಪವರ್ ಆಫ್ ಅಟಾರ್ನಿ ಪಡೆದವರು ಆ ಖಾತೆ ನಡೆಸುವಂತಿಲ್ಲ. ಚೆಕ್ ಪುಸ್ತಕ ಪಡೆಯಬಹುದು, ಇಂತಿಷ್ಟು ಹಣ ಇಂಥ ಖಾತೆಗೆ ಹೋಗಲಿ ಎಂದು ಹಿರಿಯರೇ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಡಬಹುದು. ಔಷಧದ ಅಂಗಡಿಗೆ, ನೋಡಿಕೊಳ್ಳುವವರಿಗೆ ತಿಂಗಳಿಗೊಮ್ಮೆ ಹಣ ಕೊಡಲು ಇಷ್ಟು ಸಾಕಾಗುತ್ತದೆ. ಹೆಂಡತಿ ಅಥವಾ ಗಂಡನ ಜೊತೆ ಜಂಟಿ ಖಾತೆಗೂ ಕೇಂದ್ರದ ಪಿಂಚಣಿದಾರರಿಗೆ ಅವಕಾಶವಿದೆ.

ಹಾಸಿಗೆ ಹಿಡಿದವರಿಗೂ ದಾರಿಯಿದೆ, ಅದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ಸಹಿ ಮಾಡಲಾಗದಿದ್ದರೆ ಹೆಬ್ಬೆರಳಿನ ಗುರುತು, ಕೈ ಬಾರದಿದ್ದರೆ ಕಾಲ್ಬೆರಳಿನ ಗುರುತೂ ನಡೆಯುತ್ತದೆ. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. "ಕರಕೊಂಡೇ ಬರ್ರಿ" ಎಂದು ಶಾಖೆಯಲ್ಲಿ ಹಟ ಹಿಡಿದರೆ ಈ ನಿಯಮ ಕೇಳಿ.

ಇಷ್ಟೆಲ್ಲ ಇದ್ದರೂ ಹೆಚ್ಚಿನ ಮನೆಗಳು ಹಿಡಿಯುವ ದಾರಿ ಒಂದೇ: ಎಟಿಎಂ ಕಾರ್ಡ್, ಪಿನ್ ಎರಡನ್ನೂ ಪರಿಚಯದ ಒಬ್ಬರ ಕೈಗೆ ಕೊಡುವುದು. ಅವರು ಒಳ್ಳೆಯವರೇ ಇರಬಹುದು. ಆದರೂ ಲೆಕ್ಕ ಕೇಳಲು ಅಪ್ಪನಿಗೆ ಸಂಕೋಚ, ಮಗನಿಗೆ ದೂರ. ಪಿನ್ ನಾವೇ ಕೊಟ್ಟಿದ್ದರೆ ಮುಂದೆ ಬ್ಯಾಂಕಿನಲ್ಲಿ ದೂರು ನಿಲ್ಲುವುದೂ ಕಷ್ಟ.

ವಂಚಕರಿಗೆ ಬೇಕಾದದ್ದೂ ಈ ದೂರವೇ. ಪಿಂಚಣಿ ಅಧಿಕಾರಿಗಳ ಹೆಸರಿನಲ್ಲಿ ಕರೆ ಮಾಡಿ ಹೆದರಿಸುವವರ ಬಗ್ಗೆ ಕೇಂದ್ರ ಪಿಂಚಣಿ ಲೆಕ್ಕಪತ್ರ ಕಚೇರಿ ಎಚ್ಚರಿಸಿದೆ. ಪಿಂಚಣಿ ಸಂಖ್ಯೆ, ನಿವೃತ್ತಿಯ ದಿನಾಂಕ ಎಲ್ಲ ಸರಿಯಾಗಿ ಹೇಳಿದರೆಂದು ಅವರು ಅಧಿಕಾರಿಗಳಾಗಿಬಿಡುವುದಿಲ್ಲ. ಬ್ಯಾಂಕಿನ ಹೆಸರು ಬದಲಾದದ್ದೂ ಅವರಿಗೆ ನೆಪವಾಗಬಹುದು. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ವಿಲೀನವಾಗಿ, ಬಳ್ಳಾರಿ ಕೇಂದ್ರವಾದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. "ಹೊಸ ಬ್ಯಾಂಕಿಗೆ ಖಾತೆ ಅಪ್‌ಡೇಟ್ ಮಾಡಿ" ಎಂಬ ಲಿಂಕ್ ಅಥವಾ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ, ಶಾಖೆಯಲ್ಲೇ ವಿಚಾರಿಸಿ.

ಮನೆಯೊಳಗೂ ಒಂದು ರೂಢಿ ಬದಲಾಗಬೇಕು. "ತಮ್ಮಾ, ಓಟಿಪಿ ಬಂದೈತಿ, ಹೇಳ್ಲಿ?" ಎಂದು ಅಪ್ಪ ಕೇಳಿದಾಗ ನಾವು "ಹ್ಞೂಂ, ಹೇಳ್ರಿ" ಎನ್ನುತ್ತಲೇ ಬಂದಿದ್ದೇವೆ. ಫೋನಿನಲ್ಲಿ ಓಟಿಪಿ ಹೇಳುವುದನ್ನು ಅವರಿಗೆ ಕಲಿಸಿದವರು ಒಂದರ್ಥದಲ್ಲಿ ನಾವೇ.

ಹಣ ಹೋಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ವಿದೇಶದಿಂದ ನಂಬರ್ ಹತ್ತಿಸಲು ಒದ್ದಾಡುತ್ತ ಕೂರಬೇಡಿ. ಊರಲ್ಲಿರುವವರಿಂದಲೇ ಕರೆ ಮಾಡಿಸಿ, ಬ್ಯಾಂಕಿಗೂ ಅದೇ ಗಳಿಗೆಯಲ್ಲಿ ತಿಳಿಸಲು ಹೇಳಿ.