ಮುಹೂರ್ತದ ಹೆರಿಗೆ

“ಮೊದಲೇ ದಿನ ಗೊತ್ತುಮಾಡಿ ಮಾಡಿಸಿದ ಸಿಸೇರಿಯನ್ ಸುಖ, ನೋವು ತಿಂದು ಕೊನೆಗಳಿಗೆಯಲ್ಲಿ ಮಾಡಿಸಿದ್ದು ಕಷ್ಟ. ಆದ್ದರಿಂದ ಜಾಣರಾದವರು ಮೊದಲೇ ದಿನ ನೋಡಿಸಿಕೊಳ್ಳಬೇಕು.” ಈ ತರ್ಕವನ್ನು ಮದುವೆಮನೆಯ ಪಂಕ್ತಿಯಲ್ಲಿಯೂ ನಮ್ಮ ಅಧ್ಯಾಪಕರ ಕೊಠಡಿಯಲ್ಲಿಯೂ ಕೇಳಿ ಕೇಳಿ ನನಗೆ ಸಾಕಾಗಿದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದು ನನ್ನ ಕಸಬು, ವೈದ್ಯ ನನ್ನದಲ್ಲ. ಆದರೆ ಮಾತಿನೊಳಗೆ ಅಡಗಿದ ಮೋಸವನ್ನು ಹೊರಗೆಳೆಯುವುದೂ ಆ ಕಸಬಿಗೇ ಸೇರಿದ್ದಲ್ಲವೆ?

ಮೊದಲಿನ ಎರಡು ಮಾತು ಸುಳ್ಳಲ್ಲ. ದಿನ ಗೊತ್ತಾದವಳು ರಾತ್ರಿ ನಿದ್ದೆ ಮಾಡಿ, ಖಾಲಿ ಹೊಟ್ಟೆಯಲ್ಲಿ ಬರುತ್ತಾಳೆ. ಬೆನ್ನಿಗೆ ಅರಿವಳಿಕೆ ಚುಚ್ಚುವುದಕ್ಕೆ ವ್ಯವಧಾನವಿರುತ್ತದೆ. ವೈದ್ಯರು, ರಕ್ತ ಎಲ್ಲ ಸಿದ್ಧವಾಗಿರುತ್ತದೆ. ಇನ್ನೊಬ್ಬಳೋ, ಗಂಟೆಗಟ್ಟಲೆ ನೋವು ತಿಂದು ಬಸವಳಿದವಳು. ನೀರು ಒಡೆದು ಬಹಳ ಹೊತ್ತಾಗಿದ್ದರೆ ನಂಜಾಗುವ ಭಯ ಹೆಚ್ಚು. ಮಗುವಿನ ತಲೆ ಕೆಳಗಿಳಿದು ಸಿಕ್ಕಿಕೊಂಡಿದ್ದರೆ ಗರ್ಭಕೋಶ ಹರಿದು ರಕ್ತ ಹೋಗುವ ಭಯ ಹೆಚ್ಚು. ಒಮ್ಮೊಮ್ಮೆ ಪೂರ್ತಿ ಎಚ್ಚರ ತಪ್ಪಿಸಿಯೇ ಕೊಯ್ಯಬೇಕಾಗುತ್ತದೆ. ಇವಳು ಚೇತರಿಸಿಕೊಳ್ಳುವುದು ನಿಧಾನವಾದರೆ ಸೋಜಿಗವೇನು?

ಮೋಸವಿರುವುದು ‘ಆದ್ದರಿಂದ’ ಎಂಬ ಆ ಒಂದು ಪದದಲ್ಲಿ. ನೋವಿಗಾಗಿ ಕಾದವರೆಲ್ಲರೂ ತುರ್ತು ಶಸ್ತ್ರಚಿಕಿತ್ಸೆಗೆ ಬಂದರೆ? ಇಲ್ಲವಲ್ಲ. ಆರೋಗ್ಯವಾಗಿ ದಿನ ತುಂಬಿ ಕಾದವರಲ್ಲಿ ಹೆಚ್ಚಿನವರು ಸಹಜವಾಗಿ ಹೆತ್ತು, ಹೊಟ್ಟೆಗೆ ಹೊಲಿಗೆಯಿಲ್ಲದೆ ಮನೆಗೆ ಹೋಗುತ್ತಾರೆ. ಅವರನ್ನು ಲೆಕ್ಕದಿಂದ ಹೊರಗಿಟ್ಟು, ಕಷ್ಟಕ್ಕೆ ಸಿಕ್ಕವಳೊಬ್ಬಳನ್ನೇ ತಂದು ಮುಹೂರ್ತದವಳ ಪಕ್ಕದಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಶಿವಮೊಗ್ಗೆಗೆ ಹೊರಟ ಬಸ್ಸುಗಳಲ್ಲಿ ದಾರಿಯಲ್ಲಿ ಕೆಟ್ಟು ನಿಂತ ಒಂದನ್ನು ತೋರಿಸಿ, ಬಸ್ಸಿಗಿಂತ ಕಾಲ್ನಡಿಗೆಯೇ ಮೇಲು ಎಂದಂತಾಯಿತು!

ಮಾಸು ಗರ್ಭಕೋಶದ ಬಾಯಿಗೆ ಅಡ್ಡಲಾಗಿದ್ದರೆ, ಮಗು ಅಡ್ಡ ಮಲಗಿಯೇ ಇದ್ದರೆ, ದಿನ ಗೊತ್ತುಮಾಡುವುದೇ ವಿವೇಕ. ಅಲ್ಲಿ ಕಾಯುವುದು ಹುಚ್ಚು. ನನ್ನ ಜಗಳ ಪಂಚಾಂಗದೊಡನೆ. ಅಮಾವಾಸ್ಯೆ ತಪ್ಪಲಿ, ಮೂಲಾ ನಕ್ಷತ್ರ ತಪ್ಪಲಿ ಎಂದು ಒಂದು ವಾರ ಹಿಂದಕ್ಕೆಳೆದರೆ ಅದರ ಬೆಲೆ ತೆರುವುದು ಮಗುವಿನ ಪುಪ್ಪುಸ. ಬೇರೆ ಕಾರಣವಿಲ್ಲದಿದ್ದರೆ 39 ವಾರ ತುಂಬುವ ಮುನ್ನ ಕೊಯ್ಯಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ: ಅವಸರದಿಂದ ಹೊರತೆಗೆದ ಕೂಸು ಉಸಿರಿಗೆ ತಿಣುಕುವ ಸಂಭವ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಂತೆ ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಯಲ್ಲಿ ಶೇಕಡಾ 14.3, ಖಾಸಗಿ ಆಸ್ಪತ್ರೆಗಳಲ್ಲಿ ಶೇಕಡಾ 47.4 ಸಿಸೇರಿಯನ್. ದುಡ್ಡುಳ್ಳವರ ಬಸಿರಿನಲ್ಲಿ ಮಾತ್ರ ಅಷ್ಟೊಂದು ಕೂಸುಗಳು ಅಡ್ಡ ಮಲಗುತ್ತವೆಯೆ?

ಇನ್ನು ಮನೆಗೆ ಬಂದ ಮೇಲಿನ ಕಥೆ. ಮುಹೂರ್ತದವಳನ್ನು ‘ಸುಖವಾಗಿ ಹೆತ್ತವಳು’ ಎಂದು ಮೂರನೆಯ ವಾರಕ್ಕೇ ನೀರಿನ ಬಿಂದಿಗೆ ಎತ್ತಿಸುತ್ತಾರೆ. ತುರ್ತಿನವಳನ್ನು ಕತ್ತಲ ಕೋಣೆಯಲ್ಲಿ ಮಲಗಿಸಿ, ಕಿವಿಗೆ ಹತ್ತಿ ತುರುಕಿ, ಕುಡಿಯುವ ನೀರನ್ನೂ ಒಳಲೆಯಲ್ಲಿ ಅಳೆದು ಕೊಡುತ್ತಾರೆ. ಎರಡೂ ತಪ್ಪು. ಚರ್ಮದಿಂದ ಗರ್ಭಕೋಶದವರೆಗೆ ಕೊಯ್ದ ಪದರಗಳು ಇಬ್ಬರಲ್ಲಿಯೂ ಅವೇ. ಆರು ವಾರ ಕೂಸಿಗಿಂತ ಭಾರವಾದುದನ್ನು ಇಬ್ಬರೂ ಎತ್ತಕೂಡದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಒಂದು ದಿನದೊಳಗೆ ಇಬ್ಬರೂ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ನೀರು ಕೊಡದಿದ್ದರೆ ಮಲಬದ್ಧತೆಯಾಗಿ, ಮುಕ್ಕಿದಾಗೆಲ್ಲ ನೋಯುವುದು ಆ ಹೊಲಿಗೆಯೇ. ಹೆರಿಗೆ ಸೌಲಭ್ಯದ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತಂದವರು ಮೊದಲೆರಡು ಮಕ್ಕಳಿಗೆ 26 ವಾರದ ರಜೆ ಕೊಟ್ಟಾಗ ಹೆರಿಗೆಯ ಬಗೆ ಯಾವುದೆಂದು ಕೇಳಲಿಲ್ಲ. ಕೇಳುವವರು ಅತ್ತೆಮನೆಯವರು.

ತುರ್ತಿನವಳಿಗೆ ಇನ್ನೊಂದು ಗಾಯವೂ ಉಂಟು. ಮಗುವಿನ ಎದೆಬಡಿತ ಇಳಿಯಿತೆಂದು ಓಡೋಡಿ ಒಯ್ದ ಆ ಗಳಿಗೆ ರಾತ್ರಿ ಮತ್ತೆ ಮತ್ತೆ ಬಂದು ಕಾಡುತ್ತದೆ. ಅವಳು ಹೇಳಹೊರಟರೆ, “ಮಗು ಚೆನ್ನಾಗಿದೆಯಲ್ಲ, ಇನ್ನೇನಮ್ಮ?” ಎಂದು ಬಾಯಿ ಮುಚ್ಚಿಸುತ್ತಾರೆ.

‘ತುರ್ತು’ ಎಂಬ ಮಾತೂ ಸಡಿಲವಾದದ್ದೇ. ನಿಮಿಷ ತಡವಾದರೆ ಪ್ರಾಣಕ್ಕೆ ಕುತ್ತು ಎಂಬುದೂ ತುರ್ತು. ಹೆರಿಗೆ ಮುಂದುವರಿಯುತ್ತಿಲ್ಲ, ತಾಸು ಕಳೆದು ಕೊಯ್ದರೂ ನಡೆದೀತು ಎಂಬುದೂ ತುರ್ತು. ಈ ಭೇದ ಮುಂದಿನ ಬಸಿರಿಗೆ ಬೇಕು. ಒಮ್ಮೆ ಸಿಸೇರಿಯನ್ ಆಗಿ, ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸುವವರಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ ಅದು ಕೈಗೂಡುತ್ತದೆ. ಆದರೆ ಪ್ರಯತ್ನಿಸಬಹುದೆ ಎಂದು ಹೇಳಬೇಕಾದ ವೈದ್ಯರಿಗೆ, ಮೊದಲು ಏಕೆ ಕೊಯ್ದರು, ಗರ್ಭಕೋಶವನ್ನು ಅಡ್ಡಕ್ಕೆ ಕೊಯ್ದರೋ ಉದ್ದಕ್ಕೋ ಎಂಬುದು ತಿಳಿಯಬೇಡವೆ? ಅದನ್ನು ಮನೆಗೆ ಕಳುಹಿಸುವಾಗಲೇ ಬರೆಸಿಕೊಳ್ಳಬೇಕು. ನನಗೆ ಬೇಕಾದವರ ಮಗಳೊಬ್ಬಳ ಆಸ್ಪತ್ರೆಯ ಕಾಗದಗಳನ್ನು ಈಚೆಗೆ ನೋಡಿದೆ. ಬಿಲ್ಲಿನಲ್ಲಿ ಹತ್ತಿಯ ಲೆಕ್ಕವೂ ಇತ್ತು. ಕಾರಣ ಬರೆಯಬೇಕಾದಲ್ಲಿ ‘ಎಮರ್ಜೆನ್ಸಿ’ ಎಂಬ ಒಂದೇ ಮಾತು.