ಕನ್ನಡಿಯ ನಿಜ, ಕನ್ನಡಿಯ ಸುಳ್ಳು

ಸೋದರಿಯರೇ, ದಿನಕ್ಕೆ ನಾಲ್ಕು ಸಲವಾದರೂ ಕನ್ನಡಿಯ ಮುಂದೆ ನಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಬೇಲೂರಿನ ದರ್ಪಣಸುಂದರಿಯ ಕೈಯಲ್ಲೂ ಕನ್ನಡಿಯೇ! ಆದರೆ ಎಲ್ಲ ಕನ್ನಡಿಗಳೂ ಒಂದೇ ಮಾತು ಹೇಳುವುದಿಲ್ಲ. ಯಾವುದನ್ನು ಎಷ್ಟು ನಂಬಬೇಕೆಂದು ತಿಳಿದಿರಬೇಕು.

ಬೆಳಕಿನ ನಿಯಮ ಒಂದೇ. ಎಷ್ಟು ಓರೆಯಾಗಿ ಬಂದು ಬಡಿಯುತ್ತದೋ ಅಷ್ಟೇ ಓರೆಯಾಗಿ ಆಚೆ ಬದಿಗೆ ಹೊರಳುತ್ತದೆ, ಕೇರಂ ಹಲಗೆಯ ಅಂಚಿಗೆ ತಾಗಿದ ಸ್ಟ್ರೈಕರಿನ ಹಾಗೆ. ಬದಲಾಗುವುದು ಕನ್ನಡಿಯ ಮೈ ಮಾತ್ರ.

ಗೋಡೆಯ ಕನ್ನಡಿಯದು ಚಪ್ಪಟೆ ಮೈ. ಇದ್ದಷ್ಟೇ ಗಾತ್ರ ತೋರಿಸುತ್ತದೆ, ಎಡಬಲ ಮಾತ್ರ ಅದಲುಬದಲು. ಸೀರೆಯ ನೆರಿಗೆ ಪಾದದವರೆಗೆ ಕಾಣಲೆಂದು ಆಳೆತ್ತರದ ಕನ್ನಡಿ ಕೊಳ್ಳಬೇಕಿಲ್ಲ. ನಿಮ್ಮ ಎತ್ತರದ ಅರ್ಧ ಸಾಕು. 5 ಅಡಿ 2 ಅಂಗುಲದವರಿಗೆ 2 ಅಡಿ 7 ಅಂಗುಲದ ಕನ್ನಡಿ. ಮೇಲಂಚು ನಿಮ್ಮ ಕಣ್ಣಿಗೂ ನೆತ್ತಿಗೂ ನಡುಮಧ್ಯ ಬರುವಂತೆ ಗೋಡೆಗೆ ನೆಟ್ಟಗೆ ತೂಗುಹಾಕಿ. ದುಡ್ಡು ಉಳಿಯಿತಲ್ಲ!

ಈಗ ಹೊಳೆಯುವ ಸ್ಟೀಲ್ ಸೌಟು ಕೈಗೆ ತಗೊಳ್ಳಿ. ಬೆನ್ನಿನ ಕಡೆ ನೋಡಿದರೆ ಮುಖ ಚಿಕ್ಕದು, ಆದರೆ ನೆಟ್ಟಗಿದೆ. ಇದು ಉಬ್ಬುಗನ್ನಡಿ, ಮಕ್ಕಳ ಪುಸ್ತಕದಲ್ಲಿ ಪೀನ ದರ್ಪಣ. ಸ್ಕೂಟರಿನ ಪಕ್ಕದ ಕನ್ನಡಿ ಸಾಮಾನ್ಯವಾಗಿ ಇದೇ ಜಾತಿ. ಹೆಚ್ಚು ರಸ್ತೆ ತೋರಿಸುತ್ತದೆ, ಆದರೆ ಎಲ್ಲವನ್ನೂ ಕುಗ್ಗಿಸಿ. ಚಂದ್ರಬಂಡದಿಂದ ಮಗುವನ್ನು ಕೂರಿಸಿಕೊಂಡು ರಾಯಚೂರಿಗೆ ಹೊರಟಿದ್ದೀರಿ ಅನ್ನಿ. ಕನ್ನಡಿಯೊಳಗಿನ ಬಸ್ಸು ಪುಟ್ಟದು, ‘ಇನ್ನೂ ದೂರ ಐತಲ್ಲ’ ಎಂದು ಬಲಕ್ಕೆ ತಿರುಗಿಸಬೇಡಿ. ಅದು ಕಂಡದ್ದಕ್ಕಿಂತ ಹತ್ತಿರವಿರುತ್ತದೆ. ಒಮ್ಮೆ ಕತ್ತು ತಿರುಗಿಸಿ ನೋಡಿಯೇ ತಿರುಗಿ.

ಸೌಟಿನ ಒಳಮೈಯಲ್ಲಿ ನೋಡಿದರೆ ಮುಖ ತಲೆಕೆಳಗು! ಇದು ತಗ್ಗುಗನ್ನಡಿ, ನಿಮ್ನ ದರ್ಪಣ. ಗಡ್ಡ ಹೆರೆಯುವಾಗ ಮುಖ ದೊಡ್ಡದಾಗಿ ತೋರಿಸುವ ಕನ್ನಡಿಯೂ ಇದೇ. ತೀರ ಹತ್ತಿರ ಹಿಡಿದರೆ ಹಿಗ್ಗಿಸುತ್ತದೆ. ಬಿಸಿಲನ್ನು ಮಾತ್ರ ಒಂದೇ ಜಾಗಕ್ಕೆ ಕೂಡಿಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರಿನ ಬಿಸಿಲು ಕೇಳಬೇಕೆ? ಛತ್ರಿಯಂಥ ಸೋಲಾರ್ ಒಲೆ ಅನ್ನ ಬೇಯಿಸುವುದು ಈ ಗುಣದಿಂದಲೇ. ಪೆಟ್ಟಿಗೆಯಂಥ ಸೋಲಾರ್ ಕುಕ್ಕರಿಗೆ ಚಪ್ಪಟೆ ಕನ್ನಡಿಯ ಮುಚ್ಚಳ. ಅದು ಬಿಸಿಲನ್ನು ಒಳಕ್ಕೆ ತಳ್ಳುತ್ತದಷ್ಟೇ, ಆದ್ದರಿಂದ ಬೇಳೆ ನಿಧಾನಕ್ಕೆ ಬೇಯುತ್ತದೆ.

ಅನ್ನ ಬೇಯಿಸುವ ಗುಣವೇ ಮನೆಗೆ ಬೆಂಕಿಯನ್ನೂ ಹಚ್ಚೀತು. ಮುಖ ಹಿಗ್ಗಿಸುವ ಕನ್ನಡಿಯನ್ನು ಕಿಟಕಿಯ ಬಿಸಿಲಿಗೆ ಬಿಡಬೇಡಿ, ಪರದೆ ಹೊತ್ತಿಕೊಳ್ಳಬಹುದು. ಬಳಸಿದ ಮೇಲೆ ಬೋರಲು ಹಾಕಿ, ಇಲ್ಲವೇ ಕಪಾಟಿನಲ್ಲಿಡಿ. ಛತ್ರಿ ಒಲೆಯ ಹೊಳಪನ್ನು ಮಕ್ಕಳು ಇಣುಕಿ ನೋಡದಂತೆ ಕಾಯಿರಿ, ಕಣ್ಣಿಗೆ ಅಪಾಯ.