ಮೊಬೈಲಿನೊಳಗಿನ ಅಮಾನತ್ತು



ಮನೆಗೆಲಸಕ್ಕೆ ಹೊಸಬರನ್ನು ಇಟ್ಟುಕೊಳ್ಳುವಾಗ ನಮ್ಮ ಹಿರಿಯರು ಹತ್ತು ಕಡೆ ವಿಚಾರಿಸುತ್ತಾರೆ. ಯಾವ ಊರಿನವರು, ಮೊದಲು ಯಾರ ಮನೆಯಲ್ಲಿದ್ದರು, ಅಲ್ಲಿಂದ ಯಾಕೆ ಬಿಟ್ಟರು ಎಂದೆಲ್ಲ ಕೇಳಿ ತಿಳಿದ ಮೇಲೆಯೇ ಒಳಗೆ ಕರೆಯುತ್ತಾರೆ. ಅದೇ ಮನೆಯ ಮೊಬೈಲಿಗೆ ಒಂದು ಹೊಸ ಆ್ಯಪ್ ಬಂದಾಗ ಏನಾಗುತ್ತದೆ? ನಿಮ್ಮ ಫೋನ್ ನಂಬರುಗಳ ಪಟ್ಟಿ ನೋಡಲೇ, ಫೋಟೋ ನೋಡಲೇ, ನೀವೆಲ್ಲಿದ್ದೀರೆಂದು ತಿಳಿದುಕೊಳ್ಳಲೇ ಎಂದು ಅದು ಕೇಳುತ್ತದೆ. ನಾವು ಓದುವುದೂ ಇಲ್ಲ, ಎಲ್ಲದಕ್ಕೂ 'ಅನುಮತಿಸಿ' ಎಂದು ಒತ್ತಿಬಿಡುತ್ತೇವೆ.

ಇತರರ ಮನೆಯೊಳಗೆ ಅನುಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯ ನಮಗೆ ಕಲಿಸಿದೆ. ಅಮಾನತ್ತನ್ನು ಅದರ ಹಕ್ಕುದಾರರಿಗೆ ಮರಳಿಸಬೇಕೆಂಬ ಆಜ್ಞೆ ಅನ್ನಿಸಾ ಅಧ್ಯಾಯದಲ್ಲಿದೆ. ಇಂದು ಮನೆಯವರ ಫೋಟೋ, ಬ್ಯಾಂಕಿನ ಹಣ, ಜಮಾಅತಿನ ಲೆಕ್ಕಪತ್ರ ಎಲ್ಲವೂ ಮೊಬೈಲಿನಲ್ಲಿವೆ. ಅಂದ ಮೇಲೆ ಅಮಾನತ್ತಿನ ಅಳತೆಗೋಲನ್ನು ಅಲ್ಲಿಗೂ ಒಯ್ಯುವುದು ನ್ಯಾಯವಲ್ಲವೇ? ಯಾವ ತಂತ್ರಾಂಶವನ್ನು ನೋಡಿದರೂ ನಾನು ಮೂರು ಪ್ರಶ್ನೆ ಕೇಳುತ್ತೇನೆ. ನೀವೂ ಕೇಳಿ ನೋಡಿ.

ಬೇಕಾದಷ್ಟೇ ಕೇಳುತ್ತದೆಯೇ?

ಮೊದಲ ಉದಾಹರಣೆಯಾಗಿ ನಮಾಝ್ ವೇಳೆ ತಿಳಿಸುವ ಆ್ಯಪ್‌ಗಳನ್ನೇ ತೆಗೆದುಕೊಳ್ಳೋಣ. ಇವು ಬಹಳ ಉಪಯುಕ್ತ. ಅದರಲ್ಲಿ ಸಂದೇಹವಿಲ್ಲ. ಆದರೆ ಕೆಲವು ಆ್ಯಪ್‌ಗಳು ನೀವು ಎಲ್ಲಿಗೆ ಹೋದರೂ ಹಿಂಬಾಲಿಸಲು ಅನುಮತಿ ಬೇಡುತ್ತವೆ. ಅದು ನಿಜವಾಗಿ ಬೇಕೇ?

ಲೆಕ್ಕ ಹಾಕಿ ನೋಡಿ. ಭಾರತದ ಗಡಿಯಾರ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಜಮಖಂಡಿ ಇರುವುದು ಸುಮಾರು 75.3 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 29 ನಿಮಿಷಕ್ಕೆ. ನವೆಂಬರ್ ಆರಂಭದಲ್ಲಿ ಅದು 12.12ರ ಹತ್ತಿರ ಬರುತ್ತದೆ, ಫೆಬ್ರವರಿ ಮಧ್ಯದಲ್ಲಿ 12.43ರ ಹತ್ತಿರ ಹೋಗುತ್ತದೆ. ಇನ್ನು ನಮ್ಮ ನಾಲ್ಕು ತಾಲೂಕುಗಳ ನಡುವಿನ ವ್ಯತ್ಯಾಸ ಎಷ್ಟು? ಪಶ್ಚಿಮದ ರಬಕವಿ-ಬನಹಟ್ಟಿಗೂ ಪೂರ್ವದ ಬೀಳಗಿಗೂ ಅಂತರ ಸುಮಾರು ಅರ್ಧ ಡಿಗ್ರಿ, ಅಂದರೆ 2 ನಿಮಿಷ ಮಾತ್ರ. ಮುಧೋಳ ಮತ್ತು ಜಮಖಂಡಿಯ ನಡುವೆ ಅಷ್ಟೂ ಇಲ್ಲ. ಕಿಬ್ಲಾದ ದಿಕ್ಕೂ ಹಾಗೆಯೇ. ನಾಲ್ಕೂ ಕಡೆ ಅದು ನೇರ ಪಶ್ಚಿಮದಿಂದ ಉತ್ತರಕ್ಕೆ ಸುಮಾರು 14 ಡಿಗ್ರಿ ವಾಲಿದೆ. ಊರಿನ ಹೆಸರನ್ನು ಒಮ್ಮೆ ಆರಿಸಿಕೊಟ್ಟರೆ ಆ್ಯಪ್‌ನ ಕೆಲಸ ಮುಗಿಯಿತು. ನೀವು ಯಾವ ಓಣಿಯಲ್ಲಿದ್ದೀರಿ, ಯಾರ ಮನೆಗೆ ಹೋಗಿದ್ದೀರಿ ಎಂಬುದು ಅದಕ್ಕೆ ಬೇಕಿಲ್ಲ.

ಬೇಡದ್ದನ್ನು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಜಗತ್ತಿನಾದ್ಯಂತ ಕೋಟ್ಯಂತರ ಮುಸ್ಲಿಮರು ಬಳಸುತ್ತಿದ್ದ 'ಮುಸ್ಲಿಮ್ ಪ್ರೊ' ಆ್ಯಪ್‌ನಿಂದ ಬಳಕೆದಾರರ ಸ್ಥಳದ ಮಾಹಿತಿ 'ಎಕ್ಸ್-ಮೋಡ್' ಎಂಬ ಕಂಪನಿಗೆ ಹೋಗುತ್ತಿತ್ತು, ಆ ಕಂಪನಿಯು ಅಮೆರಿಕಾದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರಿಗೆ ಮಾಹಿತಿ ಮಾರುತ್ತಿತ್ತು ಎಂದು 2020ರ ನವೆಂಬರ್‌ನಲ್ಲಿ 'ಮದರ್‌ಬೋರ್ಡ್' ಪತ್ರಿಕೆ ಬಯಲು ಮಾಡಿತು. ಸೇನೆಗೆ ತಾನು ಮಾಹಿತಿ ಮಾರಿದ್ದೇನೆ ಎಂಬುದನ್ನು ಆ್ಯಪ್‌ನ ಕಂಪನಿ ನಿರಾಕರಿಸಿತು. ಆದರೆ ಎಕ್ಸ್-ಮೋಡ್ ಜತೆಗಿನ ಸಂಬಂಧವನ್ನು ಕಡಿದುಕೊಳ್ಳುವುದಾಗಿ ಪ್ರಕಟಿಸಿತು. ಆರಾಧನಾ ಸ್ಥಳಗಳಂತಹ ಸೂಕ್ಷ್ಮ ಜಾಗಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಮಾರದಂತೆ ಅಮೆರಿಕಾದ ವ್ಯಾಪಾರ ಆಯೋಗ 2024ರ ಜನವರಿಯಲ್ಲಿ ಎಕ್ಸ್-ಮೋಡ್ ವಿರುದ್ಧ ಕ್ರಮ ಕೈಗೊಂಡಿತು. ಮಸೀದಿಗೆ ಕರೆಯಲು ಇಟ್ಟುಕೊಂಡ ಆಳು ನಮ್ಮ ಹೆಜ್ಜೆಗಳನ್ನು ಸಂತೆಗೆ ಒಯ್ದಿದ್ದ!

ಪರಿಹಾರ ಸುಲಭ. ಮೊಬೈಲಿನ ಸೆಟ್ಟಿಂಗ್ಸ್‌ಗೆ ಹೋಗಿ, ಆ ಆ್ಯಪ್‌ನ ಅನುಮತಿಗಳಲ್ಲಿ 'ಸ್ಥಳ' ಎಂಬುದನ್ನು ಬಂದ್ ಮಾಡಿ, ಊರಿನ ಹೆಸರನ್ನು ನೀವೇ ಆರಿಸಿ.

ಅಲ್ಲಿಗೆ ಹೋದಾಗ ಇನ್ನೆರಡು ಸಂಗತಿ ಗಮನಿಸಿ. ಒಂದು, ಅಸ್ರ್ ವೇಳೆ. ಕರಾವಳಿಯ ನಮ್ಮ ಸಹೋದರರಲ್ಲಿ ಹೆಚ್ಚಿನವರು ಶಾಫಿಈಗಳು, ನಮ್ಮ ಕಡೆ ಹೆಚ್ಚಿನವರು ಹನಫಿಗಳು. ಎರಡರ ನಡುವೆ ಋತುವಿಗೆ ತಕ್ಕಂತೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಮೇಲೂ ಅಂತರವಿದೆ. ಆ್ಯಪ್‌ನಲ್ಲಿ 'ಹನಫಿ' ಎಂಬ ಆಯ್ಕೆಯನ್ನು ಹುಡುಕಿ ಒತ್ತಬೇಕು. ಎರಡು, ಫಜ್ರ್ ಲೆಕ್ಕ. ಕರಾಚಿ ವಿಧಾನದಲ್ಲಿ ಸೂರ್ಯ ದಿಗಂತಕ್ಕಿಂತ 18 ಡಿಗ್ರಿ ಕೆಳಗಿದ್ದಾಗ ಫಜ್ರ್ ಆರಂಭ, ಉತ್ತರ ಅಮೆರಿಕಾದ ವಿಧಾನದಲ್ಲಿ 15 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಈ 3 ಡಿಗ್ರಿ ಅಂದರೆ 12-13 ನಿಮಿಷ. ರಮಝಾನಿನಲ್ಲಿ ತಪ್ಪು ವಿಧಾನ ಆರಿಸಿದ ಮೊಬೈಲ್ ನಂಬಿ ಸಹರಿ ಮಾಡುವವರು, ಊರಿನ ಮಸೀದಿಯಲ್ಲಿ ಫಜ್ರ್ ಅಝಾನ್ ಆದ ಮೇಲೂ ಊಟ ಮಾಡುತ್ತ ಕುಳಿತಿರಬಹುದು. ಮಸೀದಿಯ ವೇಳಾಪಟ್ಟಿಯ ಜತೆ ಆ್ಯಪನ್ನು ಹೋಲಿಸಿ ನೋಡಿ. ಎರಡು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಸೆಟ್ಟಿಂಗ್ ಸರಿಯಿಲ್ಲವೆಂದೇ ತಿಳಿದು ಪೇಶ್ ಇಮಾಮರನ್ನು ಕೇಳಿ.

ಬೇಕಾದಷ್ಟೇ ಕೇಳುವ ಸೇವೆಯೂ ನಮ್ಮಲ್ಲಿದೆ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರಕಾರ ಆರಂಭಿಸಿದ 'ಭೂಮಿ' ಯೋಜನೆಯನ್ನು ನೋಡಿ. ನಾವು ಉತಾರ ಎನ್ನುವ ಪಹಣಿಗಾಗಿ ಹಿಂದೆ ತಲಾಟಿಯ ಮನೆಗೆ ಅಲೆಯಬೇಕಿತ್ತು. ಈಗ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಅದು ಪರದೆಯ ಮೇಲೆ ಬರುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಬೀಳಗಿ ಕಡೆಯ ಕುಟುಂಬಗಳಿಗೆ ಉತಾರದ ಒಂದು ಸಾಲಿನ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ. ಆದರೆ ಎಚ್ಚರ, ಪಹಣಿ ತೋರಿಸುತ್ತೇವೆ ಎನ್ನುವ ಖಾಸಗಿ ಆ್ಯಪ್‌ಗಳೂ ಬೇಕಷ್ಟಿವೆ. ಸರಕಾರದ ತಾಣಕ್ಕೇ ಹೋಗಿ.

ಕೊಟ್ಟದ್ದನ್ನು ಮರಳಿಸುತ್ತದೆಯೇ?

2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಬಾಗಿಲು ಮುಚ್ಚಿತು. 2020ರ ಡಿಸೆಂಬರ್‌ನಲ್ಲಿ ಯಾಹೂ ಗ್ರೂಪ್ಸ್ ಹೋಯಿತು. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಚಿತ್ರ ಇಡಬಹುದಿತ್ತು. 2021ರ ಜೂನ್ 1ರಿಂದ ಅದು 15 ಜಿಬಿಯ ಮಿತಿಗೆ ಬಂತು. ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ ಇಷ್ಟೇ. 2024ರಿಂದ ಆಂಡ್ರಾಯ್ಡ್ ಮೊಬೈಲಿನ ವಾಟ್ಸಪ್ ಬ್ಯಾಕಪ್ ಕೂಡ ಇದೇ ಲೆಕ್ಕಕ್ಕೆ ಸೇರಿತು. ರಬಕವಿ-ಬನಹಟ್ಟಿಯಲ್ಲಿ ಸೀರೆ ನೇಯುವವರ ಮೊಬೈಲಿನಲ್ಲಿ ಅಂಚು-ಸೆರಗಿನ ವಿನ್ಯಾಸಗಳ ನೂರಾರು ಚಿತ್ರಗಳಿರುತ್ತವೆ. ಅವು ಅವರ ದುಡಿಮೆಯ ಬಂಡವಾಳ. ಬೇರೆಯವರ ಅಂಗಳದಲ್ಲಿ ಪುಕ್ಕಟೆಯಾಗಿ ಇಟ್ಟ ಗಂಟಿಗೆ ಯಾರೂ ಹೊಣೆಯಲ್ಲ. ಆದ್ದರಿಂದ ವರ್ಷಕ್ಕೆರಡು ಸಲವಾದರೂ ಮುಖ್ಯವಾದವುಗಳನ್ನು ಪೆನ್‌ಡ್ರೈವಿಗೋ ಹಾರ್ಡ್‌ಡಿಸ್ಕಿಗೋ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ 'ಟೇಕೌಟ್' ಎಂಬ ಸೌಲಭ್ಯ ಇರುವುದೇ ಇದಕ್ಕೆ.

ನಮ್ಮ ಕನ್ನಡದ ಕಥೆಯೂ ಇದೇ ಸಾಲಿನದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವುಗಳಿಲ್ಲದೆ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಬೆಳೆಯುತ್ತಿರಲಿಲ್ಲ. ಅವರ ಉಪಕಾರ ದೊಡ್ಡದು. ಆದರೆ ಆ ಕಾಲದ ಕಡತಗಳಲ್ಲಿ ಒಳಗೆ ಇರುವುದು ಇಂಗ್ಲಿಷಿನ ಸಂಕೇತಗಳು. ಅವುಗಳ ಮೇಲೆ ಕನ್ನಡದ ರೂಪವನ್ನು ಫಾಂಟ್ ತೊಡಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಗೋಜಲು ಕಾಣುತ್ತದೆ, ಹೆಸರು ಕೊಟ್ಟು ಹುಡುಕಲೂ ಬರುವುದಿಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದ ಯೂನಿಕೋಡ್‌ನಲ್ಲಿ ಈ ತೊಂದರೆಯಿಲ್ಲ. ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ, ಯಾವ ಯಂತ್ರದಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ.

ನಿಮ್ಮ ಜಮಾಅತಿನ ಆಸ್ತಿ ಪಟ್ಟಿ, ನಿಕಾಹ್ ದಾಖಲೆ, ಮದ್ರಸದ ಲೆಕ್ಕ ಇಪ್ಪತ್ತು ವರ್ಷಗಳ ಹಿಂದೆ ಡಿಟಿಪಿ ಅಂಗಡಿಯಲ್ಲಿ ಟೈಪ್ ಆಗಿದ್ದರೆ ಅದರ ಕಡತ ಯಾರ ಬಳಿ ಇದೆ, ತೆರೆಯುತ್ತದೆಯೇ ಎಂದು ಈ ತಿಂಗಳೇ ವಿಚಾರಿಸಿ. 2025ರ ಜೂನ್ 6ರಂದು ಕೇಂದ್ರ ಸರಕಾರ 'ಉಮೀದ್' ಪೋರ್ಟಲ್ ಆರಂಭಿಸಿ, ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳೊಳಗೆ ಸೇರಿಸಬೇಕೆಂದಿತು. ಅಂಥ ಗಡುವು ಬಂದಾಗ ಹಳೆಯ ಕಡತವನ್ನು ಹುಡುಕುತ್ತ ಕೂರುವಂತಾಗಬಾರದು. ಹಳೆಯ ನುಡಿ-ಬರಹ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಖಿದ್ಮತ್ ಯಾವುದಿದೆ?

ಕೀಲಿಕೈ ಯಾರ ಕೈಯಲ್ಲಿದೆ?

ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಸಹೋದರಿಯರು ಇದನ್ನು ಎರಡು ಸಲ ಓದಬೇಕೆಂದು ನನ್ನ ವಿನಂತಿ.

2023ರ ಆಗಸ್ಟ್ 30ರಂದು ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಹೆಸರಿಗೆ ಬರುವಂತಾಯಿತು. ಕಂಡಿಕೆ ಸುತ್ತಿದ ಕೂಲಿ, ಹೊಲಿಗೆಯ ದುಡ್ಡು, ಕಬ್ಬಿನ ಹೊಲದ ಪಗಾರ ಕೂಡ ಈಗ ಯುಪಿಐ ಮೂಲಕ ಬರುವುದುಂಟು. ಹಣ ಆಕೆಯ ಖಾತೆಗೆ ಬಂತು ಸರಿ, ಆಕೆಯ ಕೈಗೆ ಬಂತೇ? ಎಷ್ಟೋ ಮನೆಗಳಲ್ಲಿ ಖಾತೆ ಅಮ್ಮಿಯದು, ಸಿಮ್ ಮಗನದು, ಪಿನ್ ನಂಬರ್ ಮೊಬೈಲಿನ ಕವರಿನ ಹಿಂದೆ ಬರೆದಿಟ್ಟದ್ದು. ಆ್ಯಪ್ ಹಾಕಿಕೊಟ್ಟ ಅಂಗಡಿಯವನಿಗೂ ಅದು ಗೊತ್ತು. ಖಾಲಾಜಾನ್‌ಗೆ ಮಾತ್ರ ತನ್ನ ಖಾತೆಯಲ್ಲಿ ಎಷ್ಟಿದೆ ಎಂದು ತಿಳಿಯಬೇಕಾದರೆ ಇನ್ನೊಬ್ಬರನ್ನು ಕೇಳಬೇಕು. ಸ್ತ್ರೀಯರು ಗಳಿಸಿದ್ದರಲ್ಲಿ ಅವರ ಪಾಲು ಅವರದೇ ಎಂದು ಅನ್ನಿಸಾ ಅಧ್ಯಾಯ ಸಾರಿದೆ. ಅದನ್ನು ದಿನಾಲೂ ಓದುವ ನಾವು ನಾಲ್ಕು ಅಥವಾ ಆರು ಅಂಕಿಗಳ ಆ ಪಿನ್ನನ್ನು ಆಕೆಯ ಬಳಿ ಬಿಡಲಾರೆವೇ?

"ಮನೆಯವರ ಮೇಲೆ ಅಷ್ಟೂ ವಿಶ್ವಾಸವಿಲ್ಲವೇ?" ಎಂದು ಕೇಳುವವರಿದ್ದಾರೆ. ವಿಶ್ವಾಸ ಇರುವಲ್ಲೇ ಇದು ಬೇಕು. ನಾಳೆ ಯಾವನೋ ವಂಚಕ ಹಣ ಎಳೆದುಕೊಂಡರೆ ಮೊದಲ ಸಂಶಯ ಪಿನ್ ಗೊತ್ತಿದ್ದ ಮಗನ ಮೇಲೆ, ಸೊಸೆಯ ಮೇಲೆ ಬೀಳುತ್ತದೆ. ಪಿನ್ ಒಬ್ಬರ ಬಳಿಯೇ ಇದ್ದರೆ ಮನೆಯಲ್ಲಿ ಮನಸ್ತಾಪಕ್ಕೆ ಅವಕಾಶವಿಲ್ಲ.

ಮಗ ಪೇಟೆಗೆ ಹೋಗಿ ಅಮ್ಮಿಯ ಖಾತೆಯಿಂದ ಕಿರಾಣಿ ತರಬೇಕೇ? ಅದಕ್ಕೂ ದಾರಿಯಿದೆ. 2024ರಲ್ಲಿ ಬಂದ 'ಯುಪಿಐ ಸರ್ಕಲ್' ಸೌಲಭ್ಯದಲ್ಲಿ ಖಾತೆದಾರರು ತಮ್ಮ ಪಿನ್ ಕೊಡದೆಯೇ ಇನ್ನೊಬ್ಬರಿಗೆ ಖರ್ಚಿನ ಅಧಿಕಾರ ಕೊಡಬಹುದು. ಸಲಕ್ಕೆ ಹೆಚ್ಚೆಂದರೆ 5,000, ತಿಂಗಳಿಗೆ 15,000 ರೂಪಾಯಿ ಎಂಬ ಮಿತಿಯೊಳಗೆ ಎಷ್ಟೆಂದು ಅವರೇ ನಿಗದಿ ಮಾಡಬಹುದು, ಬೇಡವಾದಾಗ ಹಿಂತೆಗೆದುಕೊಳ್ಳಬಹುದು. ಸಾದಾ ಮೊಬೈಲ್ ಇರುವವರಿಗಾಗಿ 2022ರ ಮಾರ್ಚ್‌ನಿಂದ 'ಯುಪಿಐ 123 ಪೇ' ಇದೆ. ಭೀಮ್ ಆ್ಯಪ್‌ನಲ್ಲಿ ಕನ್ನಡದ ಆಯ್ಕೆಯಿದೆ. ಅದನ್ನು ಒತ್ತಿಕೊಟ್ಟರೆ ಅಮ್ಮಿ ತಾನೇ ಓದಿಕೊಳ್ಳುತ್ತಾರೆ.

ಇನ್ನು ಕೆಲವು ಮಾತುಗಳನ್ನು ಅಡುಗೆ ಮನೆಯ ಗೋಡೆಗೆ ಅಂಟಿಸಿಡಿ. ಹಣ ಪಡೆಯಲು ಪಿನ್ ಎಂದೂ ಬೇಕಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ. ಬೆರಳಚ್ಚು ಕೊಡುವುದೂ ಕೀಲಿಕೈ ಕೊಟ್ಟಂತೆಯೇ, ಆದ್ದರಿಂದ ಆಧಾರ್ ಮೂಲಕ ಹಣ ತೆಗೆದಾಗಲೆಲ್ಲ ರಸೀದಿ ಕೇಳಿ ಪಡೆಯಿರಿ. ಬೇಡವಾದಾಗ ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಇದೆ. ವಾಟ್ಸಪ್‌ನಲ್ಲಿ 'ಲಿಂಕ್ ಆದ ಸಾಧನಗಳು' ಎಂಬಲ್ಲಿ ಗುರುತಿಲ್ಲದ ಕಂಪ್ಯೂಟರ್ ಕಂಡರೆ ಕೂಡಲೇ ತೆಗೆದುಹಾಕಿ, ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ. ಹಣ ಹೋಯಿತೆಂದು ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಮುಚ್ಚಿಟ್ಟು ಕಳೆದ ಪ್ರತಿ ಗಂಟೆಯೂ ವಂಚಕನ ಲಾಭಕ್ಕೆ.

ತಂತ್ರಾಂಶಗಳನ್ನು ದೂರಬೇಕೆಂದು ನಾನು ಇಷ್ಟೆಲ್ಲ ಬರೆದದ್ದಲ್ಲ. ಮುಧೋಳದ ರೈತನಿಗೆ ಕಬ್ಬಿನ ಬಿಲ್ ಜಮೆಯಾದ ಸುದ್ದಿ ಹೊಲದಲ್ಲೇ ತಲುಪುವುದು, ಬನಹಟ್ಟಿಯ ಸೀರೆಯ ಚಿತ್ರ ಪುಣೆಯ ಅಂಗಡಿಗೆ ಕ್ಷಣದಲ್ಲಿ ಹೋಗುವುದು ಸಣ್ಣ ನಿಅ್‌ಮತ್ ಅಲ್ಲ. ಆದರೆ ಆಳು ಎಷ್ಟೇ ಚುರುಕಾಗಿದ್ದರೂ ಮನೆಯ ಯಜಮಾನಿಕೆ ನಮ್ಮ ಕೈಯಲ್ಲೇ ಇರಬೇಕು.

ಈ ಶುಕ್ರವಾರ ಅಸ್ರ್ ನಂತರ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಅಮ್ಮಿಯ, ನಾನಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊಬೈಲ್ ಅವರ ಕೈಯಲ್ಲೇ ಇರಲಿ, ನೀವು ಬಾಯಿಮಾತಿನಲ್ಲಿ ಮಾತ್ರ ಹೇಳಿಕೊಡಿ. ಭಾಷೆಯನ್ನು ಕನ್ನಡಕ್ಕೆ ಬದಲಿಸಲಿ, ಬೇಡದ ಅನುಮತಿಗಳನ್ನು ಬಂದ್ ಮಾಡಲಿ. ಹೊಸ ಪಿನ್ ಹಾಕುವಾಗ ಮಾತ್ರ ನೀವು ಮುಖ ಆಚೆ ತಿರುಗಿಸಿ. ಅಲ್ಲಾಹನು ನಮ್ಮೆಲ್ಲರನ್ನೂ ಅಮಾನತ್ತು ಕಾಪಾಡುವವರ ಸಾಲಿಗೆ ಸೇರಿಸಲಿ, ಆಮೀನ್.